ಎಂಟು ನಾಣ್ಯದ ಕೀಬೋರ್ಡು

ನನ್ನ ಹೆಂಡತಿ ತೀರಿಕೊಂಡ ಸುದ್ದಿಯನ್ನು ಮನೆಗೆ ತಂದವನು ಪ್ರಾರ್ಥನಾ ಮಂದಿರದ ಕಾವಲುಗಾರ. ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. ಅವಳ ಚಪ್ಪಲಿಗಳನ್ನು ಒಂದು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಂದಿದ್ದ.

ಗುರುವಾರದ ಸಂಜೆ. ಮಂಡಿನೋವೆಂದು ನಾನು ಅಂದು ಪ್ರಾರ್ಥನೆಗೆ ಹೋಗಿರಲಿಲ್ಲ. ನಾನು, ಮಗ, ಸೊಸೆ ಊಟದ ಮೇಜಿನ ಸುತ್ತ ಕುಳಿತು ಉಪ್ಪಿನ ವಿಷಯಕ್ಕೆ ವಾದ ಮಾಡುತ್ತಿದ್ದೆವು. ಬೇಳೆಗೆ ಉಪ್ಪು ಬಿದ್ದಿರಲಿಲ್ಲ. ಮಧ್ಯಾಹ್ನವೇ ಹೆಂಡತಿಗೆ ಹೇಳಿದ್ದೆ. ಅವಳು ಮೊಮ್ಮಗಳ ಕೈ ಹಿಡಿದು ಮಂದಿರಕ್ಕೆ ಹೊರಡುತ್ತ, "ಬಂದ್ಮೇಲೆ ಹಾಕ್ತೀನಿ, ಅಲ್ಲೀವರೆಗೂ ಸ್ವಲ್ಪ ಬಾಯಿ ಮುಚ್ಕೊಂಡಿರಿ" ಎಂದು ಹೋಗಿದ್ದಳು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನಗೆ ಹೇಳಿದ ಕೊನೆಯ ಮಾತು ಅದು. ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಉಪ್ಪಿನ ಡಬ್ಬಿ ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಆದರೂ ಅವಳೇ ಬಂದು ಹಾಕಲಿ ಎಂದು ಹಟ ಹಿಡಿದು ಕುಳಿತಿದ್ದೆ.

ಕಾವಲುಗಾರ ಬಾಗಿಲಲ್ಲಿ ನಿಂತು ಚೀಲ ಚಾಚಿದ. "ಅಮ್ಮಾವ್ರ ಚಪ್ಪಲಿ ಸ್ವಾಮಿ. ಅಲ್ಲೇ ಬಿಟ್ರೆ ಯಾರಾದ್ರೂ ಹಾಕ್ಕೊಂಡು ಹೋಗ್ಬಿಡ್ತಾರೆ ಅಂತ ತಂದೆ."

"ಮತ್ತೆ ಅವಳು ಬರಿಗಾಲಲ್ಲಿ ಬರ್ತಾಳೇನಯ್ಯ?" ಎಂದೆ.

ಅವನು ಚೀಲದೊಳಗೆ ನೋಡಿದ, ನನ್ನನ್ನು ನೋಡಿದ. "ಇಲ್ಲ ಸ್ವಾಮಿ. ಅವರು ಬರಲ್ಲ."

ಕೊನೆಯ ಹಾಡು ಮುಗಿಸಿ ಅವಳು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟು, ಕೈಮೇಲೆ ಹಣೆ ಇಟ್ಟಿದ್ದಳಂತೆ. ಇವತ್ತು ಇವರಿಗೆ ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಜನ ಎದ್ದುಹೋಗದೆ ಹತ್ತು ನಿಮಿಷ ಕೈಕಟ್ಟಿ ಕಾದಿದ್ದರು. ಕಡೆಗೆ ಮೊಮ್ಮಗಳು ಹೋಗಿ ಭುಜ ಮುಟ್ಟಿದ್ದಳು. ಸ್ವಾಮಿಯ ಮುಂದೆ, ಹಾಡು ಪೂರ್ತಿ ಮಾಡಿ ಹೋದಳು. ಅಂಥ ಸಾವಿಗೆ ಅಳಬಾರದು ಎಂದು ಎಲ್ಲರೂ ನನಗೆ ಹೇಳಿದರು. ಹೇಳಿದವರೆಲ್ಲ ಅತ್ತರು.

ನಾನು ಮೂವತ್ತೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ಬೀದಿಯವರಿಗೆ ನಾನು ಟೈಪಿಂಗ್ ಮೇಷ್ಟ್ರು, ಅವಳು ಪೆಟ್ಟಿಗೆ ಅಮ್ಮ. ಮಂದಿರದ ಕಾಲುಹಾರ್ಮೋನಿಯಂ ಅವಳ ತವರಿನದು. ಅದಕ್ಕೆ ವಯಸ್ಸಾಗಿತ್ತು. ಹನ್ನೆರಡು ವರ್ಷದ ಹಿಂದೆ ಅದರ ಮೂರು ಕೀಗಳು ದನಿ ಕಳೆದುಕೊಂಡಿದ್ದವು. ರಿಪೇರಿ ಮಾಡಿಸೋಣ ಎಂದರೆ, "ನಿಮ್ಮ ಬಾಯಲ್ಲಿ ಎಷ್ಟು ಹಲ್ಲಿವೆ? ಊಟ ಬಿಟ್ಟಿದ್ದೀರಾ?" ಎನ್ನುತ್ತಿದ್ದಳು.

ಅವಳು ಹೋದ ಮೂರನೆಯ ವಾರ ಮಂದಿರದ ಕಾರ್ಯದರ್ಶಿ ಮನೆಗೆ ಬಂದರು. ಜವಳಿ ವ್ಯಾಪಾರಿ. ಯಾವ ವಿಷಯವನ್ನಾದರೂ ಬಟ್ಟೆ ಅಳೆದಂತೆ ಮೊಳ ಮೊಳ ಬಿಚ್ಚುವವರು.

"ಮೇಷ್ಟ್ರೇ, ಪೆಟ್ಟಿಗೆ ಗುಡಿಸೋಕೆ ಅಂತ ಪಕ್ಕಕ್ಕೆ ಸರಿಸಿದ್ವು. ಒಳಗೆ ಗಾಳಿ ಊದೋ ತಿದಿ ಹರಿದುಹೋಯ್ತು."

"ಹೊಲಿಸಬಹುದಲ್ಲ?"

"ಹೊಲಿಯೋನು ಕೈ ಹಾಕಿದ, ಕೈಗೆ ಪುಡಿ ಬಂತು. ಹೋಗಲಿ ಬಿಡಿ, ಹೊಲಿಸಿದ್ರೂ ನುಡಿಸೋರು ಯಾರು? ಅದಕ್ಕೇ ಕಮಿಟಿಯೋರು ಒಂದು ಕಂಪ್ಯೂಟರ್, ಎರಡು ಸ್ಪೀಕರ್ ತರಿಸಿದ್ದೀವಿ. ಹಾಡೆಲ್ಲ ರೆಕಾರ್ಡ್ ಮಾಡಿರೋದೇ ಸಿಗುತ್ತೆ. ಒಂದು ಗುಂಡಿ ಒತ್ತಿದ್ರೆ ಆಯ್ತು. ಏಳನೇ ಗುರುವಾರ ಅಮ್ಮಾವ್ರ ಸ್ಮರಣೆಯ ಪ್ರಾರ್ಥನೆ ಇಟ್ಟಿದ್ದೀವಲ್ಲ, ಅವತ್ತಿಂದ ಅದೇ ಖಾಯಂ."

ಕಂಪ್ಯೂಟರ್ ಎಂಬ ಮಾತು ಕೇಳಿದರೇ ನನ್ನ ಮೈ ಉರಿಯುತ್ತದೆ. ನನ್ನ ಹದಿನಾರು ಟೈಪ್‌ರೈಟರುಗಳನ್ನು ತೂಕಕ್ಕೆ ಹಾಕಿಸಿದ್ದು ಅದೇ. ಆ ದಿನದಿಂದ ಈ ಮನೆಯೊಳಗೆ ಅದು ಕಾಲಿಡಬಾರದೆಂದು ನಾನು ಹೇಳಿದ್ದೆ, ಇಟ್ಟಿಲ್ಲ. ಈಗ ಅದು ನನ್ನ ಹೆಂಡತಿಯ ಜಾಗದಲ್ಲಿ ಹೋಗಿ ಕೂರುತ್ತದೆ ಎಂದರೆ?

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮೊಮ್ಮಗಳು ಬಂದಳು. ಹದಿಮೂರು ವರ್ಷ. ಮಾತು ಖಾರವೆಂದು ಅಜ್ಜಿಯೇ ಅವಳಿಗೆ ಮೆಣಸಿ ಎಂದು ಹೆಸರಿಟ್ಟಿದ್ದಳು.

"ನುಡಿಸೋರು ಯಾರು ಅಂದ್ರೆ ಏನರ್ಥ? ನಾನಿಲ್ವಾ? ಅಜ್ಜಿ ನನಗೆ ಎಲ್ಲಾ ಹಾಡೂ ಹೇಳಿಕೊಟ್ಟಿದ್ದಾರೆ."

ಕಾರ್ಯದರ್ಶಿಗಳು ನಕ್ಕರು. "ಯಾವುದರಲ್ಲಿ ನುಡಿಸ್ತೀಯಮ್ಮ? ಹರಿದ ತಿದಿಯಲ್ಲಾ?"

"ಏಳನೇ ಗುರುವಾರಕ್ಕೆ ಪೆಟ್ಟಿಗೆ ನಾವು ತರ್ತೀವಿ" ಎಂದೆ ನಾನು. ಮಾತು ಬಾಯಿಂದ ಹೊರಟ ಮೇಲೆ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವುದು ಕಂಡಿತು.

ಸೊಸೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಜಗಳಕ್ಕೂ ಅಲ್ಲಿಯ ಕ್ರಮವೇ. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿ, ಮುದ್ರೆ ಒತ್ತಿ ಕಳಿಸುತ್ತಾಳೆ. ರಾತ್ರಿಯ ಊಟಕ್ಕೆ ಮೊದಲು ಮಗನ ಸರದಿ ಬಂತು.

"ರೀ, ಪೆಟ್ಟಿಗೆಗೆ ದುಡ್ಡೆಲ್ಲಿದೆ?"

ಮಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕಷ್ಟದ ಪ್ರಶ್ನೆ ಬಂದಾಗ ತನ್ನ ಕನ್ನಡಕ ತೆಗೆದು ಒರೆಸುತ್ತಾನೆ. ಈಗಲೂ ಒರೆಸಿದ.

"ಫ್ರಿಜ್ ದುಡ್ಡು ಇದೆಯಲ್ಲ" ಎಂದ ಮೆಲ್ಲಗೆ.

ನಮ್ಮ ಫ್ರಿಜ್ಜಿನ ಬಾಗಿಲು ಎರಡು ವರ್ಷದಿಂದ ನಿಲ್ಲುತ್ತಿರಲಿಲ್ಲ. ಹಗ್ಗ ಕಟ್ಟಿದ್ದೆವು. ಹಾಲು ಬೇಕಾದವರು ಗಂಟು ಬಿಚ್ಚಬೇಕು, ಮತ್ತೆ ಕಟ್ಟಬೇಕು. ಹೊಸದಕ್ಕೆಂದು ಸೊಸೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಎತ್ತಿಟ್ಟಿದ್ದಳು.

"ಅಂದ್ರೆ ನಾನು ಇನ್ನೂ ಎರಡು ವರ್ಷ ಗಂಟು ಕಟ್ಟಬೇಕು."

"ಅಮ್ಮ, ಗಂಟು ನಾನು ಕಟ್ತೀನಿ" ಎಂದಳು ಮೆಣಸಿ.

"ನೀನು ಕಟ್ಟಿದ ಗಂಟು ಬಿಚ್ಚೋಕೆ ನಾನು ಕತ್ತರಿ ತರಬೇಕು. ಸುಮ್ಮನೆ ಊಟ ಮಾಡು."

ಅನಂತರ ಅವಳು ನನ್ನ ಕಡೆ ತಿರುಗಿದಳು. ನನ್ನ ಸರದಿ ಬಂತೆಂದು ನಾನು ತಟ್ಟೆ ನೋಡುತ್ತ ಕುಳಿತೆ.

"ಮಾವ, ಅತ್ತೆ ಆ ಪೆಟ್ಟಿಗೆ ಮುಂದೆ ಕೂತ್ರೆ ಅಡುಗೆ, ಮಂಡಿನೋವು, ನೀವು, ಎಲ್ಲಾ ಮರೀತಿದ್ರು. ಆ ಜಾಗದಲ್ಲಿ ಯಾವುದೋ ಡಬ್ಬ ಕೂರೋದು ನನಗೂ ಇಷ್ಟವಿಲ್ಲ. ತಗೊಳ್ಳಿ. ಆದ್ರೆ ಫ್ರಿಜ್ ದುಡ್ಡು ದಾಟಬಾರದು. ಇನ್ನೊಂದು, ನೋಡಿ ತಗೊಳ್ಳಿ."

"ನೋಡೋದೇನು? ಕೀ ವಿಷಯ ನನಗೆ ಹೇಳಿಕೊಡ್ತೀಯಾ?" ಎಂದೆ.

"ಮಾವ, ಅದು ಟೈಪ್‌ರೈಟರ್ ಅಲ್ಲ."

"ಕೀ ಅಂದ್ರೆ ಕೀ. ಬೆರಳು ಒಂದೇ."

ಮರುದಿನ ನಾವು ನಾಲ್ವರೂ ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯವನು ದಪ್ಪನೆಯ, ನಗುಮುಖದ ಮನುಷ್ಯ. ಗೋಡೆಯುದ್ದಕ್ಕೂ ಕೀಬೋರ್ಡುಗಳನ್ನು ನಿಲ್ಲಿಸಿದ್ದ. ನಮ್ಮ ದುಡ್ಡಿಗೆ ಸಿಗುವವು ಆರು ಎಂದು ಹೇಳಿ ಮೊದಲನೆಯದರ ಮುಂದೆ ಕುಳಿತ. ಅವನ ಕೈ ಕೀಗಳ ಮೇಲೆ ಓಡತೊಡಗಿತು. ಅಬ್ಬಾ, ಅದೇನು ಸಂಗೀತ! ಪಿಟೀಲು, ಕೊಳಲು, ತಮಟೆ ಎಲ್ಲಾ ಒಟ್ಟಿಗೆ. ನನಗೆ ಕಣ್ಣು ತುಂಬಿ ಬಂತು.

"ಇಷ್ಟು ವಿದ್ಯೆ ಇಟ್ಟುಕೊಂಡು ಅಂಗಡೀಲಿ ಕೂತಿದ್ದೀರಲ್ಲ ಸ್ವಾಮಿ. ಎಷ್ಟು ವರ್ಷದ ಅಭ್ಯಾಸ?" ಎಂದೆ.

"ಏನೋ ನಿಮ್ಮ ಆಶೀರ್ವಾದ ಸಾರ್" ಎಂದು ಅವನು ಎರಡೂ ಕೈ ಎತ್ತಿ ನನಗೆ ಮುಗಿದ. ಸಂಗೀತ ನಿಲ್ಲಲಿಲ್ಲ. ಅವನು ಕರವಸ್ತ್ರ ತೆಗೆದು ಬೆವರು ಒರೆಸಿಕೊಂಡ. ಅದು ಇನ್ನೂ ನುಡಿಯುತ್ತಲೇ ಇತ್ತು.

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೆಣಸಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ. "ತಾತ, ಅದು ತನ್ನಷ್ಟಕ್ಕೆ ತಾನೇ ನುಡಿಸ್ತಿದೆ! ಡೆಮೋ ಗುಂಡಿ!" ಎಂದು ನಕ್ಕಳು.

ಅಜ್ಜಿ ಹೋದಮೇಲೆ ಆ ಹುಡುಗಿ ನಕ್ಕದ್ದು ಅದೇ ಮೊದಲು. ಆ ಕಾರಣಕ್ಕೆ ನಾನು ಅಂಗಡಿಯವನನ್ನು ಕ್ಷಮಿಸಿದೆ. ಯಂತ್ರವನ್ನು ಕ್ಷಮಿಸಲಿಲ್ಲ.

"ಇನ್ನು ಮೇಲೆ ಒಂದಕ್ಕೂ ಕರೆಂಟ್ ಹಾಕಬೇಡಿ. ಸದ್ದು ಮೋಸ ಮಾಡುತ್ತೆ, ಬೆರಳು ಮಾಡಲ್ಲ. ನಾನು ಹೀಗೇ ನೋಡ್ತೀನಿ."

"ಕರೆಂಟ್ ಇಲ್ದೆ ಕೀಬೋರ್ಡ್ ನೋಡ್ತೀರಾ ಸಾರ್?"

"ಹೆಣ್ಣು ನೋಡೋಕೆ ಹೋದಾಗ ಹಾಡಿಸಿ ಒಪ್ಪಿಕೊಂಡವರೆಲ್ಲ ಆಮೇಲೆ ಏನಾದ್ರು ಅಂತ ನನಗೆ ಗೊತ್ತಿದೆ" ಎಂದೆ. ಹಾಡು ಕೇಳಿಯೇ ನಾನು ನನ್ನವಳನ್ನು ಒಪ್ಪಿದ್ದೆ ಎಂಬುದು ಮಾತು ಮುಗಿದ ಮೇಲೆ ನೆನಪಾಯಿತು.

ಜೇಬಿನಿಂದ ನಾಣ್ಯಗಳನ್ನು ತೆಗೆದೆ. ಟೈಪ್‌ರೈಟರ್ ಕೊಳ್ಳುವಾಗಲೂ ನಾನು ಹೀಗೆಯೇ ಮಾಡುತ್ತಿದ್ದೆ. ಕೀಯ ಅಂಚಿನ ಮೇಲೆ ಒಂದೊಂದಾಗಿ ನಾಣ್ಯ ಇಡುತ್ತ ಹೋಗುವುದು; ಎಷ್ಟನೆಯ ನಾಣ್ಯಕ್ಕೆ ಕೀ ಕೆಳಗಿಳಿಯುತ್ತದೆ ಎಂದು ನೋಡುವುದು. ಐದಕ್ಕೆ ಇಳಿದರೆ ತೀರ ಸಡಿಲ, ಬೆರಳು ತಗುಲಿದರೆ ಸಾಕು ತಪ್ಪು ಬೀಳುತ್ತದೆ. ಹನ್ನೆರಡಾದರೂ ಇಳಿಯದಿದ್ದರೆ ಮಕ್ಕಳ ಕೈ ನೋಯುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದು ಕೀ ಆರಕ್ಕೆ, ಪಕ್ಕದ್ದು ಒಂಬತ್ತಕ್ಕೆ ಇಳಿಯಬಾರದು.

ಮೊದಲನೆಯದರಲ್ಲಿ ಅದೇ ಆಯಿತು. ಎರಡನೆಯದರ ಕೀಗಳು ಮಗುವಿನ ಬೆರಳಿಗೆಂದು ಮಾಡಿದಂತೆ ಕಿರಿದು. ಮೆಣಸಿಯ ಒಂದು ಬೆರಳಿಗೆ ಎರಡು ಕೀ ಸಿಕ್ಕಿದವು. ಮೂರನೆಯದರ ಕೀ ಹಿಡಿದು ಆಡಿಸಿದರೆ ನನ್ನ ಉಳಿದ ಹಲ್ಲಿನಂತೆ ಆ ಕಡೆ ಈ ಕಡೆ ಅಲುಗಾಡಿತು. ನಾಲ್ಕನೆಯದರಲ್ಲಿ ಕೀ ಒತ್ತಿಬಿಟ್ಟರೆ ಮೇಲೆ ಬರುವಾಗ ಟಪ್ ಎಂದು ಸದ್ದು. ಬಂದಮೇಲೂ ಒಂದು ನಡುಕ. ಐದನೆಯದರ ಕರಿ ಕೀಗಳ ಅಂಚು ಎಷ್ಟು ಚೂಪಾಗಿತ್ತೆಂದರೆ ಬೆರಳಿನ ಚರ್ಮ ತರಚಿತು. ಆರನೆಯದನ್ನು ಮಗ ಕಣ್ಣು ಕಿರಿದು ಮಾಡಿ, ಕನ್ನಡಕದ ಚೌಕಟ್ಟು ನೋಡುವಂತೆ ಒಂದು ತುದಿಯಿಂದ ನೋಡಿದ. "ಅಪ್ಪ, ಕೀಗಳು ಒಂದೇ ಮಟ್ಟದಲ್ಲಿಲ್ಲ. ನಡುವೆ ತಗ್ಗಿದೆ" ಎಂದ. ಅವನು ನನ್ನ ಮಗನೇ ಎಂದು ಅಂದು ಸಂತೋಷವಾಯಿತು.

"ಸಾರ್, ಇದು ಕಾಣಿಕೆ ಡಬ್ಬಿ ಅಲ್ಲ" ಎಂದ ಅಂಗಡಿಯವನು, ಕೀಗಳ ಸಂದಿಗೆ ಬಿದ್ದ ನನ್ನ ನಾಣ್ಯವೊಂದನ್ನು ಸೂಜಿಯಿಂದ ಮೀಟಿ ತೆಗೆಯುತ್ತ.

ಎರಡನೆಯ ಸಲ ಹೋದಾಗ ಸೊಸೆಗೆ ರಜೆ ಸಿಗಲಿಲ್ಲ, ಮಗನಿಗೂ ಇಲ್ಲ. ನಾನು ಮತ್ತು ಮೆಣಸಿ. ಮೂಲೆಯಲ್ಲಿ, ರಿಯಾಯಿತಿಯ ಚೀಟಿ ಅಂಟಿಸಿದ್ದ ಒಂದು ಕಪ್ಪು ಕೀಬೋರ್ಡು ಕಾಣಿಸಿತು. ಬಣ್ಣದ ದೀಪವಿಲ್ಲ, ಡೆಮೋ ಗುಂಡಿ ಇಲ್ಲ, ತೋರಿಕೆಯೇ ಇಲ್ಲ. ಬೆರಳಿಟ್ಟೆ. ಕೀ ಮೆತ್ತಗೆ ಇಳಿಯಿತು. ತಳ ಮುಟ್ಟಿದ್ದು ತಿಳಿಯಿತು, ಆದರೆ ಬಡಿಯಲಿಲ್ಲ. ಬಿಟ್ಟರೆ ಬೆರಳಿನ ಜೊತೆಯಲ್ಲೇ ಮೇಲೆ ಬಂತು. ನಾಣ್ಯ ಇಟ್ಟೆ. ಎಂಟು. ಪಕ್ಕದ್ದು, ಎಂಟು. ಕೊನೆಯದು, ಎಂಟು. ಕೀಯ ಹಿಂಬದಿಗೆ, ಬೆರಳು ಸಾಮಾನ್ಯವಾಗಿ ಸೋಲುವ ಕಡೆ ಒತ್ತಿದರೂ ತಕರಾರಿಲ್ಲ.

ಮೆಣಸಿ ಕಣ್ಣು ಮುಚ್ಚಿ ಎರಡೂ ಕೈ ಇಟ್ಟಳು. "ತಾತ, ಅಜ್ಜಿ ಪೆಟ್ಟಿಗೆ ಥರಾನೇ ಇದೆ."

ಅಲ್ಲಿಗೆ ತೀರ್ಮಾನವಾಯಿತು. ಅಂಗಡಿಯವನು ಬೇರೆ ಗಿರಾಕಿಯನ್ನು ಬಿಟ್ಟು ಓಡಿ ಬಂದ.

"ಸಾರ್, ಅದಾ? ಅದಕ್ಕೆ ಬೇರೆ..."

"ಬೇರೆ ಏನೂ ಬೇಡ. ಇದೇ."

"ಹಾಗಲ್ಲ ಸಾರ್, ಅದರಲ್ಲಿ..."

"ಅದರಲ್ಲಿ ಏನಿದೆ ಅಂತ ನನ್ನ ಬೆರಳು ಹೇಳಿದೆ. ನೀವು ಹೇಳೋದು ಬೇಡ."

ಅವನು ಕಡೆಗೆ ಕೇಳಿದ. "ಮನೇಲಿ ಕಂಪ್ಯೂಟರ್ ಇದೆ ತಾನೇ ಸಾರ್?"

ಮುದುಕನಿಗೆ ಕಂಪ್ಯೂಟರ್ ಗೊತ್ತಿಲ್ಲ ಎಂದು ಹಂಗಿಸುತ್ತಿದ್ದಾನೆ ಎಂದುಕೊಂಡೆ. ನನ್ನ ಹದಿನಾರು ಯಂತ್ರಗಳೂ ಕಣ್ಣ ಮುಂದೆ ಬಂದವು. "ಎಲ್ಲಾ ಇದೆ! ನೀವು ಕಟ್ಟಿಕೊಡಿ!" ಎಂದು ಗದರಿದೆ. ಸ್ವಾಮಿಯ ಮುಂದೆ ಒಪ್ಪಿಕೊಳ್ಳುತ್ತೇನೆ, ಅದು ಸುಳ್ಳು. ಅವನ ಮುಖದಲ್ಲಿ ನಿರಾಳವಾಯಿತು. ಕಟ್ಟಿಕೊಟ್ಟ.

ಸಂಜೆ ಊಟದ ಮೇಜು ಒರೆಸಿ ಕೀಬೋರ್ಡ್ ಇಟ್ಟೆವು. ಗೋಡೆಗೆ ಸಿಕ್ಕಿಸುವ ವೈರು ಕಾಣಲಿಲ್ಲ. ಫೋನಿನದರಂತೆ ಒಂದು ಸಣ್ಣ ವೈರು ಮಾತ್ರ ಇತ್ತು. ಮಗ ಅದನ್ನು ತನ್ನ ಫೋನಿನ ಚಾರ್ಜರಿಗೆ ಸಿಕ್ಕಿಸಿದ. ಒಂದು ಕೆಂಪು ದೀಪ ಹತ್ತಿತು. ಎಲ್ಲರೂ ಕೈಮುಗಿದೆವು. ಮೆಣಸಿ ಮೊದಲ ಕೀ ಒತ್ತಿದಳು.

ಟಕ್.

ಎರಡನೆಯದು ಒತ್ತಿದಳು. ಟಕ್.

"ವಾಲ್ಯೂಮ್ ಕಡಿಮೆ ಇರಬೇಕು" ಎಂದ ಮಗ. ಇದ್ದ ತಿರುಗುಣಿಯನ್ನೆಲ್ಲ ತಿರುಗಿಸಿದ. ಟಕ್ ಟಕ್ ಟಕ್. ಕಿವಿ ಇಟ್ಟು ನೋಡಿದ. ಮಗುಚಿ ಹಾಕಿದ. ಕನ್ನಡಕ ಒರೆಸಿದ.

ಸೊಸೆ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಗ್ಗ ಬಿಚ್ಚುತ್ತಿದ್ದವಳು ಹಗ್ಗದ ತುದಿ ಕೈಯಲ್ಲೇ ಹಿಡಿದು ಬಗ್ಗಿ ನೋಡಿದಳು. "ಏನಂತೆ?"

"ಸದ್ದು ಬರ್ತಿಲ್ಲ."

"ಸ್ಪೀಕರ್ ಎಲ್ಲಿದೆ ಅದಕ್ಕೆ?"

ನಾವು ಮೂವರೂ ಹುಡುಕಿದೆವು. ಮೇಲೆ, ಕೆಳಗೆ, ಹಿಂದೆ. ಸದ್ದು ಹೊರಬರುವುದಕ್ಕೆ ಒಂದು ತೂತೂ ಇರಲಿಲ್ಲ. ಮಗ ಅಂಗಡಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟ.

"ಅದು ಬರೀ ಕೈ ಸಾರ್" ಎಂದಿತು ಅಂಗಡಿಯವನ ದನಿ. "ಗಂಟಲು ಕಂಪ್ಯೂಟರಲ್ಲಿರುತ್ತೆ. ಸ್ಟುಡಿಯೋದೋರು ತಗೊಳ್ಳೋ ಮಾಲು, ಅದಕ್ಕೇ ಕೀ ಅಷ್ಟು ಚೆನ್ನಾಗಿರೋದು. ಹಿರಿಯರಿಗೆ ಮೂರು ಸಲ ಹೇಳೋಕೆ ಬಂದೆ ಸಾರ್. ಎಲ್ಲಾ ಇದೆ ಅಂತ ಬೈದ್ರು."

"ವಾಪಸ್ ತಗೊಳ್ತೀರಾ?"

"ರಿಯಾಯಿತಿ ಮಾಲು ಸಾರ್. ಬಿಲ್ ಹಿಂದೆ ಬರೆದಿದೆ."

ಸೊಸೆ ಹಗ್ಗ ಬಿಟ್ಟು ಮೇಜಿನ ಬಳಿ ಬಂದಳು. "ನನ್ನ ಫ್ರಿಜ್ ಹೋಯ್ತು. ಬಂದಿರೋದು ಮೌನವ್ರತದಲ್ಲಿದೆ. ಮಾವ, ಅಂಗಡೀಲಿ ಒಂದು ಸಲ, ಒಂದೇ ಒಂದು ಸಲ ಕರೆಂಟ್ ಹಾಕಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಿನ್ನ ಮುಂದೆ ಆ ಡೆಮೋದಲ್ಲಿ ಮಾನ ಹೋಗಿತ್ತಲ್ಲ" ಎಂದೆ. ನಿಜ ಹೇಳಿದಾಗ ಅವಳು ಬೈಯುವುದಿಲ್ಲ. ಹಗ್ಗ ಕಟ್ಟಲು ಒಳಗೆ ಹೋದಳು.

ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಮೇಜಿನ ಮೇಲೆ ಟಕ್ ಟಕ್ ಕೇಳಿಸಿತು. ಮೆಣಸಿ ಕುಳಿತಿದ್ದಳು.

"ಏನೇ ಮಾಡ್ತಿದ್ದೀಯ?"

"ಅಭ್ಯಾಸ. ಬೆರಳಿಗೆ ಹಾಡು ಮರೆತುಹೋಗಬಾರದಲ್ಲ."

ನನ್ನ ಇನ್‌ಸ್ಟಿಟ್ಯೂಟಿನಲ್ಲಿ ನಾನು ವಿದ್ಯಾರ್ಥಿಗಳ ಕೈಮೇಲೆ ಬಟ್ಟೆ ಮುಚ್ಚಿ ಟೈಪ್ ಮಾಡಿಸುತ್ತಿದ್ದೆ. ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಬರೀ ಸದ್ದಿನಿಂದ ಯಾರ ಬೆರಳು ತಪ್ಪಿತೆಂದು ಹೇಳುತ್ತಿದ್ದೆ. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಅಂದಿನಿಂದ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಪಾಠ. "ಎಡಗೈ ಕಿರುಬೆರಳು ಸೋಮಾರಿ. ಮತ್ತೆ!" "ಓಡಬೇಡ, ಬಸ್ಸು ಹೋಗ್ತಿಲ್ಲ!" ಸೊಸೆ ಪಾತ್ರೆ ತೊಳೆಯುತ್ತ, "ಅಲ್ಲೊಂದು ಬಿಟ್ಳು ಮಾವ" ಎನ್ನತೊಡಗಿದಳು. ಮಗ ಗಡ್ಡ ಹೆರೆಯುವುದೂ ಅದೇ ತಾಳಕ್ಕೆ ಬಂತು. ನಾಲ್ಕನೆಯ ದಿನ ಬೀದಿಯ ಕೊನೆಯ ಮನೆಯವರು ಬಂದು, "ಮೇಷ್ಟ್ರೇ, ಇನ್‌ಸ್ಟಿಟ್ಯೂಟ್ ಮತ್ತೆ ಶುರುವಾಯ್ತಂತೆ? ನಮ್ಮ ತಂಗಿ ಮಗಳನ್ನ ಸೇರಿಸಬೇಕಿತ್ತು. ಫೀಸು ಎಷ್ಟು?" ಎಂದು ಕೇಳಿದರು.

ಆದರೆ ನನಗೆ ಒಂದು ದೋಷ ಸಿಕ್ಕಿತು. ಪ್ರಾರ್ಥನೆಯ ಕೊನೆಯ ಹಾಡಿನಲ್ಲಿ, ಮೂರು ಕಡೆ, ಟಕ್ ಬೀಳಬೇಕಾದ ಜಾಗದಲ್ಲಿ ಬೀಳುತ್ತಿರಲಿಲ್ಲ.

"ಮೂರು ತಪ್ಪು."

"ತಪ್ಪಲ್ಲ ತಾತ. ಅಜ್ಜಿ ಹೀಗೇ ಹೇಳಿಕೊಟ್ಟಿದ್ದು."

"ಅಜ್ಜಿ ಹೇಳಿಕೊಟ್ಟಿರಬಹುದು, ನೀನು ಮರೆತಿರಬಹುದು. ಹಾಡಿನ ನಡುವೆ ಯಾರಾದ್ರೂ ತೂತು ಬಿಡ್ತಾರಾ? ತುಂಬಿಸು."

"ತುಂಬಿಸಲ್ಲ."

"ಮೂವತ್ತೆಂಟು ವರ್ಷ..."

"ನಿಮ್ಮ ಮೂವತ್ತೆಂಟು ವರ್ಷ ಟೈಪಿಂಗಲ್ಲಿ! ಅಜ್ಜಿ ತಪ್ಪು ಅಂತೀರಾ? ಅಜ್ಜಿ ಇದ್ದಿದ್ರೆ ಅವರ ಮುಂದೆ ಅಂತಿದ್ರಾ?" ಎಂದು ಕೂಗಿ ಅವಳು ಎದ್ದುಹೋದಳು. ಮೇಜಿನ ಮೇಲೆ ಕೀಬೋರ್ಡು ಉಳಿಯಿತು. ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಬೇಕಾದ್ದನ್ನು ತಾಯಿಯ ಮೂಲಕ ಹೇಳಿಕಳಿಸುತ್ತಿದ್ದಳು. "ನೀರಿನ ಲೋಟ ಈ ಕಡೆ ಕೊಡಬೇಕಂತೆ" ಎನ್ನುತ್ತಿದ್ದಳು ಸೊಸೆ, ನಮ್ಮಿಬ್ಬರ ನಡುವೆ ಕುಳಿತು.

ಆರನೆಯ ಗುರುವಾರ ಕಾರ್ಯದರ್ಶಿಗಳು ಕಂಪ್ಯೂಟರಿನ ಪರೀಕ್ಷೆ ಇಟ್ಟರು. ನಾನೂ ಹೋದೆ, ಮನಸ್ಸಿನಲ್ಲಿ ಅದರ ಕೇಡು ಬಯಸುತ್ತ. ಸ್ವಾಮಿ ಕ್ಷಮಿಸಲಿ. ನನ್ನವಳ ಸ್ಟೂಲಿನ ಮೇಲೆಯೇ ಅದನ್ನು ಇಟ್ಟಿದ್ದರು. ಗುಂಡಿ ಒತ್ತಿದರು. ಗಾಯಕರ ದೊಡ್ಡ ತಂಡ ಹಾಡಿದ ಹಾಡು ಮಂದಿರ ತುಂಬಿತು. ಜನರೂ ಸೇರಿಕೊಂಡರು. ಕೊನೆಯ ಹಾಡಿನವರೆಗೆ ಎಲ್ಲವೂ ಸರಿಯಾಗಿತ್ತು.

"ದಣಿದವರ ದೊರೆಯೇ..." ಎಂದು ಹಾಡಿ ಜನರೆಲ್ಲ ಒಂದು ಕ್ಷಣ ಗಪ್ ಎಂದು ನಿಂತರು. ರೆಕಾರ್ಡು ನಿಲ್ಲಲಿಲ್ಲ. ಅದು "ದೀಪ ಹಿಡಿದು ಬಾ" ಎನ್ನುವಾಗ ಜನ ಇನ್ನೂ ದೊರೆಯ ಹತ್ತಿರವೇ ಇದ್ದರು. ಓಡಿಹೋಗಿ ಸೇರಿಕೊಂಡರು. ಎರಡನೆಯ ಸಾಲಿನಲ್ಲಿ ಮತ್ತೆ ಅದೇ. ಮೂರನೆಯದರ ಹೊತ್ತಿಗೆ ಅರ್ಧ ಜನ ದೀಪದಲ್ಲಿ, ಅರ್ಧ ಜನ ದಾರಿಯಲ್ಲಿ, ಮುಂದಿನ ಸಾಲಿನ ಮುದುಕಿಯೊಬ್ಬಳು ಹಿಂದಿನ ಹಾಡಿಗೇ ವಾಪಸಾಗಿದ್ದಳು. ಕಾರ್ಯದರ್ಶಿಗಳು ಗುಂಡಿ ಒತ್ತಿ ನಿಲ್ಲಿಸಿದರು.

"ಏನ್ರಪ್ಪ ಇದು! ಹಾಡಿನ ಮಧ್ಯೆ ಯಾಕೆ ನಿಲ್ತೀರಿ?"

"ನಾವು ಯಾವಾಗಲೂ ಇಲ್ಲಿ ನಿಲ್ತೀವಲ್ಲ" ಎಂದರು ಜನ. ಯಾಕೆಂದು ಯಾರಿಗೂ ತಿಳಿದಿರಲಿಲ್ಲ.

ನಾನೂ ನಿಂತಿದ್ದೆ. ಮೂರು ಕಡೆ. ಬಾಯಿ ಅರ್ಧ ತೆರೆದುಕೊಂಡೇ ನನಗೆ ಹೊಳೆಯಿತು. ಪೆಟ್ಟಿಗೆಯಲ್ಲಿ ಮೂರು ಕೀ ಸತ್ತಿದ್ದವು. ಅವು ಬರುವ ಜಾಗದಲ್ಲಿ ಅವಳು ಬೆರಳೆತ್ತಿ ಒಂದು ಉಸಿರಿನಷ್ಟು ಸುಮ್ಮನಿರುತ್ತಿದ್ದಳು. ಅವಳು ಸುಮ್ಮನಿದ್ದರೆ ಜನರೂ ಸುಮ್ಮನಿರುತ್ತಿದ್ದರು. ಹನ್ನೆರಡು ವರ್ಷದಿಂದ ನಮ್ಮ ಮಂದಿರದ ಹಾಡೇ ಹಾಗಾಗಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮೊಮ್ಮಗಳನ್ನು ಕರೆದೆ. "ಮೆಣಸಿ, ತಪ್ಪು ನನ್ನದು. ಅಜ್ಜಿ ಹೇಳಿಕೊಟ್ಟಿದ್ದೇ ಸರಿ. ಬಂದು ಕೂತ್ಕೊ."

ಅವಳು ತಾಯಿಯ ಕಡೆ ತಿರುಗಿ, "ತಾತನಿಗೆ ಹೇಳಮ್ಮ, ಬರ್ತೀನಿ ಅಂತ" ಎಂದಳು.

ಸೊಸೆ ಕೈ ಒರೆಸಿಕೊಂಡು ಬಂದು ಮೇಜಿನ ಮೇಲೆ ಒಂದು ಹೊಸ ವೈರು ಇಟ್ಟಳು. ಕಚೇರಿಯಿಂದ ಬರುವಾಗ ವಾದ್ಯದ ಅಂಗಡಿಗೆ ಹೋಗಿದ್ದಳಂತೆ.

"ನಮ್ಮ ಕೀಬೋರ್ಡಿಗೆ ಗಂಟಲಿಲ್ಲ. ಮಂದಿರದ ಕಂಪ್ಯೂಟರಿಗೆ ಬೆರಳಿಲ್ಲ. ಅಂಗಡಿಯವನನ್ನ ಕೇಳಿದೆ, ಎರಡನ್ನೂ ಸೇರಿಸಬಹುದಂತೆ. ಏಳನೇ ಗುರುವಾರ ಅವನೇ ಬಂದು ಕೂಡಿಸಿಕೊಡ್ತಾನೆ, ಬಿಟ್ಟಿ. ಕಾರ್ಯದರ್ಶಿಗಳ ಹತ್ತಿರ ನೀವೇ ಹೋಗಿ ಕೇಳಬೇಕು ಮಾವ."

"ನಾನು? ಕಂಪ್ಯೂಟರಿಗೋಸ್ಕರ? ಅವರ ಹತ್ತಿರ?"

"ನಾನು ಫ್ರಿಜ್ ಬಿಟ್ಟಿದ್ದೀನಿ. ನೀವು ಅಷ್ಟು ಬಿಡಿ."

ಹೋದೆ. ಕಾರ್ಯದರ್ಶಿಗಳು ಮೊಳ ಹಾಕಲಿಲ್ಲ. ಆರನೆಯ ಗುರುವಾರದ ಅವಮಾನ ಅವರಿಗೂ ಸಾಕಾಗಿತ್ತು. "ದನಿ ನಮ್ಮದು, ಬೆರಳು ನಿಮ್ಮದು. ಆಗಲಿ ಮೇಷ್ಟ್ರೇ" ಎಂದರು.

ಏಳನೆಯ ಗುರುವಾರ ಮಂದಿರ ತುಂಬಿತ್ತು. ಅಂಗಡಿಯವನು ಹೊಸ ಅಂಗಿ ತೊಟ್ಟು ಬಂದು, ವೈರು ಸಿಕ್ಕಿಸಿ, ಸ್ಟೂಲಿನ ಮೇಲೆ ಮೆಣಸಿಯನ್ನು ಕೂರಿಸಿದ. ಕಂಪ್ಯೂಟರನ್ನು ಕೆಳಗೆ, ನೆಲದ ಮೇಲೆ ಇಟ್ಟಿದ್ದರು. ಅದನ್ನು ನಾನು ಗಮನಿಸಿದೆ. ಅವಳು ಕಣ್ಣು ಮುಚ್ಚಿ ಮೊದಲ ಕೀ ಒತ್ತಿದಳು.

ಧಡ್! ಎಂದು ನಗಾರಿ ಮೊಳಗಿತು. ಕಾರ್ಯದರ್ಶಿಗಳು ಕುಳಿತಲ್ಲೇ ಹಾರಿದರು.

"ಒಂದ್ನಿಮಿಷ, ಒಂದ್ನಿಮಿಷ" ಎಂದು ಅಂಗಡಿಯವನು ಬಗ್ಗಿ ಏನೋ ಒತ್ತಿದ. ಈ ಸಲ ತುತ್ತೂರಿ ಬಂತು. ಹಿಂದಿನ ಸಾಲಿನವರು ನಗತೊಡಗಿದರು. ಸೊಸೆ ತಿರುಗಿ ಒಂದು ನೋಟ ನೋಡಿದಳು, ಅಂಚೆ ಕಚೇರಿಯಲ್ಲಿ ಕೌಂಟರ್ ಮುಚ್ಚುವಾಗ ನೋಡುವ ನೋಟ. ನಗೆ ನಿಂತಿತು. ಮೂರನೆಯ ಸಲ ಹಾರ್ಮೋನಿಯಂ ದನಿ ಬಂತು.

ಮೆಣಸಿ ನುಡಿಸಿದಳು. ಎಡಗೈ ಕಿರುಬೆರಳು ಸೋಮಾರಿಯಾಗಲಿಲ್ಲ. ಯಾವ ಕೀಯೂ ಸತ್ತಿರಲಿಲ್ಲ. ಎಲ್ಲವೂ ಎಂಟೆಂಟು ನಾಣ್ಯಕ್ಕೆ ಇಳಿಯುವ ಒಳ್ಳೆಯ ಕೀಗಳು. ಆದರೂ "ದಣಿದವರ ದೊರೆಯೇ" ಎಂದಮೇಲೆ ಅವಳು ಬೆರಳೆತ್ತಿದಳು. ಇಡೀ ಮಂದಿರ ಅವಳೊಂದಿಗೆ ನಿಂತಿತು. ಕಾರ್ಯದರ್ಶಿಗಳೂ ನಿಂತರು. ನನ್ನ ಪಕ್ಕದಲ್ಲಿ ಕಾವಲುಗಾರ ನಿಂತ. ಆ ಒಂದು ಉಸಿರಿನಷ್ಟು ಹೊತ್ತು ಯಾರ ಸದ್ದೂ ಇರಲಿಲ್ಲ. ಅಷ್ಟು ಜಾಗ ನನ್ನ ಹೆಂಡತಿಯದು. ಅನಂತರ ಎಲ್ಲರೂ ಒಟ್ಟಿಗೆ ದೀಪದ ಸಾಲಿಗೆ ಹೋದೆವು.

ಹಾಡು ಮುಗಿದಮೇಲೆ ಮೆಣಸಿ ಕೀಬೋರ್ಡಿನ ಮೇಲೆ ಎರಡೂ ಕೈ ಇಟ್ಟು, ಕೈಮೇಲೆ ಹಣೆ ಇಟ್ಟಳು. ಸೊಸೆ ಎದ್ದೇಬಿಟ್ಟಳು. ಅಷ್ಟರಲ್ಲಿ ಹುಡುಗಿ ತಲೆ ಎತ್ತಿ, ನಮ್ಮ ಕಡೆ ನೋಡಿ, "ಪ್ರಾರ್ಥನೆ ಮಾಡ್ತಿದ್ದೀನಿ, ಅಷ್ಟೇ!" ಎಂದಳು. ಹಾಗಾದರೆ ನಾವೂ ಮಾಡೋಣ ಎಂದು ನಾನು ಕಣ್ಣು ಮುಚ್ಚಿದೆ.

ತಂದೆಯೇ, ಅವಳನ್ನು ನಿನ್ನ ಬಳಿ ಇರಿಸಿಕೊಂಡಿದ್ದೀ. ಅವಳ ಕೈಗೆ ಒಂದು ಪೆಟ್ಟಿಗೆ ಕೊಡು. ಒಂದೆರಡು ಕೀ ಸತ್ತಿದ್ದರೂ ಚಿಂತೆಯಿಲ್ಲ, ಅವಳು ನಿಭಾಯಿಸುತ್ತಾಳೆ. ಅವಳ ಕಾಲು ನೋಯದಿರಲಿ. ಚಪ್ಪಲಿ ಇಲ್ಲೇ ಉಳಿದಿವೆ. ಅಲ್ಲಿಯ ಊಟಕ್ಕೆ ಅವಳು ಉಪ್ಪು ಮರೆತರೆ ಯಾರೂ ಏನೂ ಅನ್ನದಿರಲಿ. ಡಬ್ಬಿ ಹತ್ತಿರವಿರುವವರು ಎದ್ದು ತಾವೇ ಹಾಕಿಕೊಳ್ಳಲಿ. ನಲವತ್ತನಾಲ್ಕು ವರ್ಷ ನನ್ನ ಮಾತು ಕೇಳಿ ದಣಿದವಳು. ಅವಳಿಗೆ ಶಾಂತಿ ಕೊಡು ಸ್ವಾಮಿ, ಶಾಂತಿ ಕೊಡು.